ಮಾಡಿನಿಂದ ಇಳಿದ ಹಂಚು ಹಿತ್ತಲಲ್ಲಿ ಮಳೆಗಾಲ ಕಳೆಯಬೇಕಾದರೆ

ಎಂಬತ್ತು ವರ್ಷ ಮಾಡಿನ ಮೇಲೆ ಕೂತು ಮಳೆ ತಿಂದ ಹಂಚು ಹಿತ್ತಲಲ್ಲಿ ಒಂದೇ ಮಳೆಗಾಲಕ್ಕೆ ಹಾಳಾಗುತ್ತದೆ ಎಂದರೆ ಹಲವರು ನಂಬುವುದಿಲ್ಲ. "ಮಳೆಗೆಂದೇ ಮಾಡಿದ್ದಲ್ವಾ ಮಾರಾಯ್ರೆ, ಅದಕ್ಕೂ ಕೊಡೆ ಹಿಡಿಯಬೇಕಾ?" ಎಂದು ನಗುತ್ತಾರೆ. ಮಾಡಿನ ಮೇಲೆ ಹಂಚು ನೆನೆಯುವುದು ಒಂದು ಮುಖಕ್ಕೆ ಮಾತ್ರ. ಬೆನ್ನ ಕಡೆ ಅಟ್ಟದ ಗಾಳಿ ಇರುತ್ತದೆ, ಅಡುಗೆಮನೆಯ ಮೇಲಾದರೆ ಹೊಗೆಯ ಬಿಸಿಯೂ ಇರುತ್ತದೆ. ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ, ಬಿಸಿಲು ಬಿದ್ದೊಡನೆ ಹಂಚು ಒಣಗುತ್ತದೆ. ಅದೇ ಹಂಚನ್ನು ನೆಲಕ್ಕೆ ತಾಗಿಸಿ ಒತ್ತೊತ್ತಾಗಿ ಪೇರಿಸಿ, ಮೇಲಿಂದ ನೀಲಿ ಟರ್ಪಾಲು ಬಿಗಿದರೆ ಜೂನ್‌ನಲ್ಲಿ ಹೀರಿದ ನೀರು ನವರಾತ್ರಿ ಕಳೆದರೂ ಒಳಗೇ ಇರುತ್ತದೆ. ಎರಡೂ ಮುಖ ಒದ್ದೆ, ಗಾಳಿಗೆ ದಾರಿಯಿಲ್ಲ. ಆದ್ದರಿಂದ ಅಟ್ಟಿ ಹಾಕುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದು ಹೇಗೆ ಒಣಗುತ್ತದೆ ಎಂಬುದನ್ನು. ಹೇಗೆ ನೆನೆಯದಂತೆ ಇಡುವುದು ಎಂಬ ಚಿಂತೆ ಆಮೇಲಿನದು.

ಉಡುಪಿಯ ಹತ್ತಿರದ ಒಂದು ಹಳೆ ಮನೆಯ ಮಾಡು ಬಿಚ್ಚಿ ಸುಮಾರು 2,000 ಹಂಚನ್ನು ಮರುವರ್ಷದ ಕೆಲಸಕ್ಕೆಂದು ಹೊರಗೆ ಇಟ್ಟ ಕ್ರಮವನ್ನೇ ಇಲ್ಲಿ ಹೇಳುತ್ತಿರುವುದು. ಮೊದಲು ಲೆಕ್ಕ. ಮಂಗಳೂರು ಹಂಚು ಚದರ ಮೀಟರ್‌ಗೆ 15ರಂತೆ, ಅಂದರೆ 100 ಚದರಡಿಗೆ ಹೆಚ್ಚುಕಡಿಮೆ 140 ಬೇಕು. 2,000 ಹಂಚು ಎಂದರೆ 1,400 ಚದರಡಿಯಷ್ಟು ಮಾಡು. ಹಂಚಿನ ಭಾರತೀಯ ಮಾನಕವಾದ ಐಎಸ್ 654 ಪ್ರಕಾರ ಒಣ ಹಂಚೊಂದರ ತೂಕ 2ರಿಂದ 3 ಕಿಲೋ. ಎರಡೂವರೆ ಹಿಡಿದರೆ 2,000ಕ್ಕೆ 5 ಟನ್. ಅದರ ಮೇಲೆ ಮಳೆಗಾಲದಲ್ಲಿ ಕುಡಿದ ನೀರಿನ ಭಾರ ಬೇರೆ. ಈ 5 ಟನ್ ಎಂಬ ಸಂಖ್ಯೆಯನ್ನು ಮನಸ್ಸಲ್ಲಿಟ್ಟುಕೊಳ್ಳಿ, ಜಾಗ ಆರಿಸುವಾಗ ಬೇಕಾಗುತ್ತದೆ.

ಇಳಿಸುವ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲೇ ಆಗಬೇಕು. ಏಪ್ರಿಲ್ ಕೊನೆಗೆ ಗುಡುಗಿನ ಮಳೆ ಶುರುವಾಗುತ್ತದೆ, ಪತ್ತನಾಜೆಯ, ಅಂದರೆ ಮೇ ಕೊನೆಯ ವಾರದ, ಹೊತ್ತಿಗೆ ಅಟ್ಟಿ ಮುಗಿದು ಮೇಲಿನ ಮುಚ್ಚಿಗೆಯೂ ಕೂತಿರಬೇಕು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರು ಇದು, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಇನ್ನೊಂದು ಕಾರಣವೂ ಇದೆ: ನೀರು ಕುಡಿದ ಹಂಚು ಒಣ ಹಂಚಿಗಿಂತ ಮೆತ್ತಗೆ, ಪಾಚಿ ಹಿಡಿದದ್ದಾದರೆ ಕೈಯಿಂದ ಜಾರುತ್ತದೆ. ಮಳೆಯಲ್ಲಿ ಇಳಿಸಿದ ಹಂಚು ಒಡೆಯುವ ಲೆಕ್ಕವೇ ಬೇರೆ.

ಹಂಚು ಹೊದೆಸುವುದು ಕೆಳಗಿನಿಂದ ಮೇಲಕ್ಕೆ, ಆದ್ದರಿಂದ ಬಿಚ್ಚುವುದು ಮೇಲಿನಿಂದ ಕೆಳಕ್ಕೆ. ಮೊದಲು ಮೂಲೆ ಹಂಚು, ಅಂದರೆ ಮಾಡಿನ ನೆತ್ತಿಗೆ ಕವುಚಿ ಕೂರಿಸಿದ್ದು. ಹಳೆ ಮನೆಯಲ್ಲಿ ಅದಕ್ಕೆ ಸುಣ್ಣದ ಗಾರೆ ಹಾಕಿರುತ್ತಾರೆ, ಸಣ್ಣ ಉಳಿಯಿಂದ ಸುತ್ತ ತಟ್ಟಿದರೆ ಬಿಟ್ಟುಕೊಡುತ್ತದೆ. ನಡುವೆ ಯಾರಾದರೂ ರಿಪೇರಿ ಮಾಡಿ ಸಿಮೆಂಟು ಮೆತ್ತಿದ್ದರೆ ಮುಗಿಯಿತು. ಸಿಮೆಂಟು ಹಂಚಿಗಿಂತ ಗಟ್ಟಿ, ಬಿಡಿಸಹೊರಟರೆ ಮುರಿಯುವುದು ಹಂಚೇ. ಅಂಥದ್ದನ್ನು ಗಾರೆಯ ಸಮೇತ ಇಳಿಸಿ ಬದಿಗಿಡುವುದು ಮೇಲು, ಮಾಡಿನ ಮೇಲೆ ಕೂತು ಅದರ ಜೊತೆ ಜಗಳಕ್ಕೆ ಹೋಗಬಾರದು. ಆಮೇಲೆ ಎರಡೂ ಇಳಿಜಾರಿನಿಂದ ಸಾಲು ಸಾಲಾಗಿ, ಎರಡೂ ಕಡೆ ಸಮವಾಗಿ ಬಿಚ್ಚುತ್ತ ಬರಬೇಕು. ಒಂದು ಕಡೆ ಪೂರ್ತಿ ಬರಿದು ಮಾಡಿ ಇನ್ನೊಂದು ಕಡೆ ಭಾರ ಉಳಿಸಿದರೆ ಹಳೆಯ ಪಕಾಸುಗಳು, ಅಂದರೆ ಇಳಿಜಾರಿನುದ್ದಕ್ಕೂ ಇಳಿಯುವ ದಪ್ಪ ಮರಗಳು, ವಾಲುತ್ತವೆ. ಕೂರುವುದು ಪಕಾಸಿನ ಮೇಲೆ, ಹಂಚು ಹೊರುವ ತೆಳು ಅಡ್ಡಪಟ್ಟಿಯಾದ ರೀಪಿನ ಮೇಲೆ ಅಲ್ಲ. ಹಂಚು ಕೈಯಿಂದ ಕೈಗೆ, ಒಂದು ಸಲಕ್ಕೆ ಎರಡು. ಹಲಗೆಯ ಮೇಲೆ ಜಾರಿಸಿದರೆ ಬೇಗ ಆಗುತ್ತದೆ ನಿಜ, ಕೆಳಗೆ ಹಲ್ಲು ಮುರಿದ ಹಂಚಿನ ರಾಶಿಯೂ ಅಷ್ಟೇ ಬೇಗ ಬೆಳೆಯುತ್ತದೆ. ರೀಪುಗಳನ್ನು ಕೀಳುವ ಮೊದಲು ಅವುಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಇರುತ್ತದೆ, ಆದರೆ ಆ ಹಂಚಿಗೆ ಆ ಮಾಡಿನಲ್ಲಿ ಕೂತಿದ್ದ ಅಳತೆಯೇ ಸರಿಯಾದ ಅಳತೆ. ಮರುವರ್ಷ ಬಡಗಿ ಕೇಳುವುದು ಅದನ್ನೇ.

ಕೆಳಗೆ ಬಂದ ಹಂಚೊಂದನ್ನು ತಿರುಗಿಸಿ ನೋಡಿ. ಬೆನ್ನಿನ ಮೇಲ್ತುದಿಯಲ್ಲಿ ರೀಪಿಗೆ ಕಚ್ಚಿಕೊಳ್ಳುವ ಎರಡು ಹಲ್ಲು, ಬುಡದ ಕಡೆ ಕೆಳಗಿನ ಹಂಚಿಗೆ ಸಿಕ್ಕಿಕೊಳ್ಳುವ ಚಿಕ್ಕ ಉಬ್ಬು, ತಂತಿ ಕಟ್ಟಲು ತೂತಿರುವ ಒಂದು ಕಿವಿ. ಹಳೆಯ ತಂತಿಯ ತುಕ್ಕು ಆ ತೂತಿನ ಸುತ್ತ ಕಂದು ಬಣ್ಣದಲ್ಲಿ ಇಳಿದಿರುತ್ತದೆ. ಉದ್ದದ ಒಂದು ಬದಿಯಲ್ಲಿ ತೋಡು, ಇನ್ನೊಂದು ಬದಿಯಲ್ಲಿ ಆ ತೋಡಿಗೆ ಕವುಚುವ ತೆಳು ಅಂಚು. ಮುರಿಯುವುದು ಯಾವಾಗಲೂ ಇವೇ ಮೂರು ಕಡೆ: ಹಲ್ಲು, ತೆಳು ಅಂಚು, ತಲೆಯ ಮೂಲೆ. ನಡುಭಾಗ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಒಂದು ಹಲ್ಲು ಹೋದ ಹಂಚನ್ನು ಎಸೆಯಬೇಡಿ, ಕಿವಿಗೆ ತಂತಿ ಕಟ್ಟಿ ಬಳಸಬಹುದು. ಪಕ್ಕದ ತೆಳು ಅಂಚು ಹೋದದ್ದು ಮಾತ್ರ ಮಾಡಿಗೆ ಬೇಡ, ಸೋರಿಕೆ ಅಲ್ಲಿಂದಲೇ ಶುರುವಾಗುತ್ತದೆ.

ಪರೀಕ್ಷೆಗೆ ಎರಡು ದಾರಿ. ಒಂದು ಕಿವಿಯದ್ದು: ಹಂಚನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದದ್ದು 'ಟಣ್' ಎನ್ನುತ್ತದೆ, ಸೀಳಿದ್ದು 'ಡಬ್' ಎನ್ನುತ್ತದೆ. ಇದು ಒಣಗಿದ ಹಂಚಿಗೆ ಮಾತ್ರ. ಒದ್ದೆಯಾಗಿದ್ದರೆ ಒಳ್ಳೆಯ ಹಂಚೂ ಮಂಕಾಗಿ ಕೇಳುತ್ತದೆ, ಬೆಳಗ್ಗಿನ ಮಂಜಿನಲ್ಲಿ ತಟ್ಟಿ ಒಳ್ಳೆಯದನ್ನೆಲ್ಲ ರಾಶಿಗೆ ಹಾಕಿದವರಿದ್ದಾರೆ. ಇನ್ನೊಂದು ಕಣ್ಣಿನದ್ದು: ಅನುಮಾನ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಮೈ ಒಣಗಿ ತಿಳಿಯಾದ ಮೇಲೂ ಕೂದಲೆಳೆಯಂಥ ಒಂದು ಕಪ್ಪು ಗೆರೆ ಉಳಿದರೆ ಅದು ಬಿರುಕು.

ವಿಂಗಡಣೆಯಲ್ಲಿ ಹೆಚ್ಚಿನವರು ತಪ್ಪುವುದು ಕಾರ್ಖಾನೆಯ ಮುದ್ರೆಯ ವಿಚಾರದಲ್ಲಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲೆಲ್ಲ ಚಿಮಣಿಗಳು ಎದ್ದವು, ಆಲ್ಬುಕರ್ಕ್‌ನಂಥ ಊರವರ ಕಾರ್ಖಾನೆಗಳೂ ಬಂದವು, ಉಡುಪಿ ಕಡೆ ಮಲ್ಪೆಯಲ್ಲೂ ಮಿಷನ್ ಹಂಚು ಮಾಡಿತು. ನೋಡಲು ಎಲ್ಲವೂ ಒಂದೇ ಜಾತಿ. ಆದರೆ ಪ್ರತಿ ಕಾರ್ಖಾನೆಯ ಅಚ್ಚು ಬೇರೆ, ತೋಡಿನ ಆಳ ಬೇರೆ, ಉದ್ದದಲ್ಲೂ ಅಗಲದಲ್ಲೂ ಕಾಲು ಇಂಚು ಅರ್ಧ ಇಂಚು ಹೆಚ್ಚುಕಡಿಮೆ. ಎರಡು ಮುದ್ರೆಯ ಹಂಚನ್ನು ಒಂದೇ ಸಾಲಿಗೆ ಹಾಕಿದರೆ ಒಂದು ಇನ್ನೊಂದರ ಮೇಲೆ ಕೂರದೆ ಬಾಯಿ ತೆರೆದು ನಿಲ್ಲುತ್ತದೆ. ಹಳೆ ಮನೆಯ ಮಾಡಿನಲ್ಲಿ ಮೂರ್ನಾಲ್ಕು ತಲೆಮಾರಿನ ರಿಪೇರಿ ಇರುವುದರಿಂದ ಮುದ್ರೆಗಳೂ ಮೂರ್ನಾಲ್ಕು ಇರುತ್ತವೆ. ಆದ್ದರಿಂದ ಅಟ್ಟಿ ಹಾಕುವ ಮೊದಲೇ ಮುದ್ರೆ ನೋಡಿ ಬೇರೆ ಬೇರೆ ಮಾಡಬೇಕು. ಅಟ್ಟಿ ಹಾಕಿದ ಮೇಲೆ ವಿಂಗಡಿಸುತ್ತೇವೆ ಎಂದರೆ 5 ಟನ್ ಇನ್ನೊಮ್ಮೆ ಎತ್ತಿ ಇಳಿಸಿದ ಹಾಗೆ. ಮುದ್ರೆ ಒಂದೇ ಆದರೂ ಅನುಮಾನ ಬಂದರೆ ನೆಲದ ಮೇಲೆ ಎರಡು ರೀಪು ಇಟ್ಟು ಐದಾರು ಹಂಚು ಜೋಡಿಸಿ ನೋಡಿದರೆ ತಿಳಿಯುತ್ತದೆ. ಅಂದಹಾಗೆ, ಬಾಸೆಲ್ ಮಿಷನ್ ಹಂಚಿನ ಮೇಲೆ 1865 ಎಂದು ಕಂಡರೆ ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಹುಟ್ಟಿದ ವರ್ಷ ಅಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಆದ್ದರಿಂದ ಮಿಷನ್ ಮುದ್ರೆಯಿದ್ದರೆ ನೂರು ವರ್ಷದ ಮಾಲು ಎಂದುಕೊಂಡು ಜೋಪಾನ ಮಾಡುವುದರಲ್ಲಿ ತಪ್ಪಿಲ್ಲ.

ತೊಳೆಯಬೇಕೇ? ಪೂರ್ತಿ ಬೇಡ. ಇಳಿಸಿದ್ದನ್ನು ಮೂರು ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಪಾಚಿ ಒಣಗಿ ಚಕ್ಕೆಯಾಗುತ್ತದೆ, ತೆಂಗಿನ ಸಿಪ್ಪೆಯಿಂದ ಉಜ್ಜಿದರೆ ಸಾಕು. ತೋಡಿನಲ್ಲಿ ಕೂತ ಮಣ್ಣನ್ನು ಮಾತ್ರ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಲೇಬೇಕು, ಅದೇ ನೀರು ಹಿಡಿದಿಡುವ ಸ್ಪಂಜು, ಜರಿಗಿಡ ಬೇರು ಬಿಡುವುದೂ ಅಲ್ಲೇ. ಮೈಗೆ ಹತ್ತಿದ ಕಪ್ಪು ಕಲೆ ಇರಲಿ ಬಿಡಿ. ವಾಹನ ತೊಳೆಯುವ ಪ್ರೆಶರ್ ಪಂಪು ಹಿಡಿದು ಹೊಸದರ ಹಾಗೆ ಹೊಳೆಸಿದರೆ ಬೆಂಕಿಯಲ್ಲಿ ಬಿಗಿದ ಮೇಲ್ಮೈಯೇ ಸವೆಯುತ್ತದೆ, ಮುಂದಿನ ಮಳೆಗಾಲದಲ್ಲಿ ಪಾಚಿ ಇಮ್ಮಡಿ. ತಂತಿ ಬ್ರಷ್ಷಿಗೂ ಅದೇ ಮಾತು. ಆಸಿಡ್ ಅಂತೂ ಬೇಡವೇ ಬೇಡ, ಅದು ಗಾರೆಯ ಜೊತೆ ಸೇರಿ ಹುಟ್ಟುವ ಉಪ್ಪು ಹಂಚಿನೊಳಗೇ ಉಳಿಯುತ್ತದೆ. ಅಟ್ಟದ ಕಡೆಯಿಂದ ಬಂದ ಮಸಿ, ಬಾವಲಿ ಹಿಕ್ಕೆ ಗುಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಉಪ್ಪಿನ ವಿಚಾರ ಬಂತು. ಸಮುದ್ರದ ಬದಿಯವರಿಗೆ ಇದು ಮುಖ್ಯ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಲ್ಲಿ ಕಡಲಿಗೆ ಮುಖ ಮಾಡಿದ್ದ ಮಾಡಿನ ಹಂಚನ್ನು ಬೇರೆ ಇಡುವುದು ಒಳ್ಳೆಯದು. ಹಂಚು ಹೀರಿದ ಉಪ್ಪುನೀರು ಒಣಗುವಾಗ ಉಪ್ಪು ಹರಳುಗಟ್ಟಿ ಮೈಯನ್ನು ಒಳಗಿಂದ ನೂಕುತ್ತದೆ, ಪದರ ಪದರವಾಗಿ ಏಳುತ್ತದೆ. ಉಗುರಿನಿಂದ ಕೆರೆದರೆ ಕೆಂಪು ಹುಡಿ ಉದುರುವ ಹಂಚನ್ನು ಇಟ್ಟು ಪ್ರಯೋಜನ ಇಲ್ಲ. ಅಟ್ಟಿಯ ಬುಡಕ್ಕೆ ಕಡಲ ಹೊಯಿಗೆ (ಮರಳು) ಹಾಸಬಾರದು ಎನ್ನುವುದಕ್ಕೂ ಕಾರಣ ಇದೇ. ಗೊಬ್ಬರದ ಚೀಲ ಹರವಿ ಅದರ ಮೇಲೆ ಇಡುವ ಅಭ್ಯಾಸವನ್ನೂ ಬಿಡಬೇಕು.

ಜಾಗ ಆರಿಸುವಾಗ ಮೊದಲು ತಲೆಯೆತ್ತಿ ನೋಡಿ. ತೆಂಗಿನ ಮರದಡಿ ಅಟ್ಟಿ ಹಾಕಿದರೆ ಬಿದ್ದ ಒಂದೊಂದು ಕಾಯಿಗೂ ಹಂಚಿನ ಲೆಕ್ಕ ಕಡಿಮೆಯಾಗುತ್ತದೆ. ಹಲಸು, ಮಾವಿನಡಿ ನೆರಳು ಜಾಸ್ತಿ, ಎಲೆ ಕೊಳೆತು ತೋಡು ತುಂಬುತ್ತದೆ. ಆಮೇಲೆ ಪಕ್ಕಕ್ಕೆ ನೋಡಿ. ಮನೆಯ ಗೋಡೆಗೆ ಒರಗಿಸಿದರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ, ಗೋಡೆಗೂ ಥಂಡಿ. ಪಾಗಾರಕ್ಕೆ, ಅಂದರೆ ಆವರಣದ ಗೋಡೆಗೆ, ಒರಗಿಸುವುದು ಇನ್ನೂ ಅಪಾಯ. ಕೆಂಪುಕಲ್ಲಿನ ಪಾಗಾರ ಮಳೆಗಾಲದಲ್ಲಿ ತಾನಾಗಿಯೇ ಕುಸಿಯುವುದನ್ನು ಪ್ರತಿ ವರ್ಷ ನೋಡುತ್ತೇವೆ, ಅದಕ್ಕೆ 5 ಟನ್ ಒರಗಿಸುವುದು ಬೇಡ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚು, ಬಾವಿಯ ಬದಿ ಕೂಡ ಬೇಡ. ಬಾವಿಕಟ್ಟೆಯಿಂದ ಹತ್ತಾರು ಅಡಿ, ಧರೆಯಿಂದ ಧರೆಯ ಎತ್ತರಕ್ಕಿಂತ ಹೆಚ್ಚು ದೂರ ಇಟ್ಟುಕೊಳ್ಳುವುದು ನಮ್ಮ ಕ್ರಮ. ಬೆಳಗ್ಗಿನ ಬಿಸಿಲು ಬೀಳುವ, ನೀರು ನಿಲ್ಲದ, ಟೆಂಪೋ ಹತ್ತಿರ ಬರಬಹುದಾದ ಜಾಗ ಸಿಕ್ಕರೆ ಅದೇ ಭಾಗ್ಯ.

ಎಷ್ಟು ಜಾಗ ಬೇಕು ಎನ್ನುವುದಕ್ಕೆ ಹತ್ತು ಹಂಚನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿ ಅಳೆದರಾಯಿತು. ಈ ಮಾಡಿನ ಹಂಚು ಹತ್ತಕ್ಕೆ 35 ಸೆಂಟಿಮೀಟರ್ ಬಂತು. ಎರಡು ಅಂತಸ್ತಿನಲ್ಲಿ 2,000 ಎಂದರೆ ನೆಲದ ಮೇಲೆ 1,000, ಅಂದರೆ 35 ಮೀಟರ್ ಸಾಲು. ಅದನ್ನು ಸಾಲಿಗೆ 150ರಂತೆ ಏಳು ಸಾಲು ಮಾಡಿದೆವು, ಎರಡೆರಡು ಸಾಲಿನ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಒಟ್ಟು ಐದೂವರೆ ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ.

ಬುಡ ಹೀಗೆ: ಹುಲ್ಲು ಕೆತ್ತಿ, ನೆಲ ಬಡಿದು, ಒಂದು ಕಡೆಗೆ ಸ್ವಲ್ಪ ವಾಟ ಕೊಟ್ಟು, ಮೂರು ಇಂಚು ಜಲ್ಲಿ. ಜಲ್ಲಿ ಇಲ್ಲದಿದ್ದರೆ ಒಡೆದ ಹಂಚಿನ ಚೂರೇ ಆಗುತ್ತದೆ, ಅದಕ್ಕೇನೂ ಬರ ಇರುವುದಿಲ್ಲ. ಕೆಂಪು ಮಣ್ಣು ಮಳೆಹನಿಗೆ ಚಿಮ್ಮಿ ಹಂಚಿಗೆ ಮೆತ್ತದಿರಲು ಈ ಹಾಸು ಅಟ್ಟಿಯಿಂದ ಒಂದಡಿಯಾದರೂ ಹೊರಗೆ ಚಾಚಿರಬೇಕು. ಅದರ ಮೇಲೆ ಸಾಲಿನುದ್ದಕ್ಕೂ ಅಂಗೈಯಗಲ ಅಂತರದಲ್ಲಿ ಎರಡು ಕಲ್ಲುಕಂಬ. ಹಳೆ ಬೇಲಿಯದ್ದು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಸಿಗದಿದ್ದರೆ ಕೆಂಪುಕಲ್ಲನ್ನೇ ಎರಡು ಗೆರೆಯಾಗಿ ಇಡಿ. ಅಡಿಕೆ ದಬ್ಬೆ ಅಗ್ಗ, ಆದರೆ ನೆಲದ ಹತ್ತಿರ ಅದು ಒಂದು ಮಳೆಗಾಲವೂ ಪೂರ್ತಿ ಬಾಳುವುದಿಲ್ಲ. ಆಗಸ್ಟ್‌ನಲ್ಲಿ ಒಂದು ಕಡೆ ಕುಸಿದರೆ ಇಡೀ ಸಾಲು ಇಸ್ಪೀಟಿನ ಹಾಗೆ ಮಲಗುತ್ತದೆ. ಹಂಚಿನ ಬುಡಕ್ಕೂ ಜಲ್ಲಿಗೂ ನಡುವೆ ನಾಲ್ಕು ಬೆರಳು ಗಾಳಿಯಾಡುವಷ್ಟು ಎತ್ತರ ಇದ್ದರೆ ಸಾಕು.

ಹಂಚನ್ನು ಮಲಗಿಸಿ ಪೇರಿಸಬಾರದು. ನೋಡಲು ಅದೇ ಭದ್ರ, ಆದರೆ ಮಲಗಿಸಿದಾಗ ಮೇಲಿನ ಭಾರವೆಲ್ಲ ಆ ಎರಡು ಹಲ್ಲಿನ ತುದಿಯಲ್ಲಿ ಕೆಳಗಿನ ಹಂಚಿನ ಮೇಲೆ ಇಳಿಯುತ್ತದೆ. ಹತ್ತು ಹಂಚಿನ ಪೇರಿಯಲ್ಲಿ ಕೆಳಗಿನದ್ದಕ್ಕೆ ಇಪ್ಪತ್ತು ಕಿಲೋಗೂ ಹೆಚ್ಚು, ಅದೂ ಬಿಂದುವಿನ ಮೇಲೆ. ಸುಟ್ಟ ಮಣ್ಣು ಒತ್ತಡ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಬುಡ ಕೆಳಗೆ, ಹಲ್ಲಿರುವ ತಲೆ ಮೇಲೆ ಮಾಡಿ ನಿಲ್ಲಿಸಿದರೆ ಭಾರ ಹಂಚಿನ ಉದ್ದಕ್ಕೂ ನೇರ ಇಳಿಯುತ್ತದೆ. ಬೆನ್ನಿನ ಹಲ್ಲುಗಳು ಪಕ್ಕದ ಹಂಚಿಗೆ ತಾಗಿ ಎರಡರ ನಡುವೆ ತಾವಾಗಿಯೇ ಸಂದು ಬಿಡುತ್ತವೆ, ಗಾಳಿ ಅಲ್ಲಿ ಹೋಗುತ್ತದೆ.

ಸಾಲಿನ ಪಶ್ಚಿಮದ ತುದಿಯಲ್ಲಿ ಮೊದಲು ಮೂರಡಿ ಎತ್ತರದ ಒಂದು ಆನಿಕೆ, ಅಂದರೆ ಹಂಚು ಒರಗಿಸುವ ಗಿಡ್ಡ ಗೋಡೆ, ಕಟ್ಟಬೇಕು. ಕೆಂಪುಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿದರೆ ಆಯಿತು. ಪಶ್ಚಿಮದಲ್ಲಿ ಏಕೆಂದರೆ ಇಲ್ಲಿ ಮಳೆಗಾಳಿ ಬರುವುದು ಕಡಲ ಕಡೆಯಿಂದ. ಆನಿಕೆ ಅದಕ್ಕೆ ಮುಖ ಕೊಟ್ಟು ನಿಲ್ಲುತ್ತದೆ, ಹಂಚಿನ ಸಂದುಗಳು ಉತ್ತರ ದಕ್ಷಿಣಕ್ಕೆ ತೆರೆದಿರುವುದರಿಂದ ಎರಚಲು ನೇರ ಒಳಗೆ ನುಗ್ಗುವುದಿಲ್ಲ. ಮೊದಲ ಹಂಚಿನ ಬೆನ್ನು ಆನಿಕೆಗೆ, ಮುಖ ಪೂರ್ವಕ್ಕೆ. ವಾಲು ಎರಡು ಬೆರಳಷ್ಟೇ. ನೆಟ್ಟಗಿದ್ದರೆ ಮುಂದಕ್ಕೆ ಮಗುಚುತ್ತದೆ, ಹೆಚ್ಚು ವಾಲಿದರೆ ಮುಂದೆ ಬರುವ ಹಂಚುಗಳ ಒತ್ತಡವೆಲ್ಲ ಹಲ್ಲುಗಳ ಮೇಲೆ ಬಿದ್ದು ಅವು ಕಳಚುತ್ತವೆ. ಐವತ್ತು ಹಂಚಿಗೊಮ್ಮೆ ಎರಡು ತುಂಡು ರೀಪು ಲಂಬವಾಗಿ ನಿಲ್ಲಿಸಿ ಮುಂದುವರಿಯಬೇಕು: ಗಾಳಿಗೂ ಆಯಿತು, ಎಣಿಕೆಗೂ ಆಯಿತು. ಮೊದಲ ಅಂತಸ್ತಿನ ತಲೆಯ ಮೇಲೆ, ಮೊಳೆ ಕಿತ್ತ ಹಳೆ ರೀಪು ಎರಡು ಉದ್ದಕ್ಕೆ ಮಲಗಿಸಿ ಎರಡನೆಯ ಅಂತಸ್ತು. ಮೂರನೆಯದು ಬೇಡ. ಭಾರ ತಡೆಯುತ್ತದೆ, ಆದರೆ ಎದೆಮಟ್ಟಕ್ಕಿಂತ ಮೇಲಿನದ್ದನ್ನು ಇಡುವಾಗಲೂ ತೆಗೆಯುವಾಗಲೂ ಕೈ ಸೋಲುತ್ತದೆ. ಪ್ರತಿ ಸಾಲಿನ ಆನಿಕೆಯ ಮೇಲೆ ಮುದ್ರೆ, ಎಣಿಕೆ ಎರಡನ್ನೂ ಬಣ್ಣದಲ್ಲಿ ಬರೆಯಿರಿ. ಸೀಮೆಸುಣ್ಣದ್ದು ಮೊದಲ ಮಳೆಗೇ ಹೋಗುತ್ತದೆ.

ಮೂಲೆ ಹಂಚನ್ನು ಒಂದರ ಮೇಲೊಂದು ಕವುಚಿ ಪೇರಿಸಿದರೆ ಮೇಲಿನದ್ದು ಕೆಳಗಿನದರ ಕಾಲುಗಳನ್ನು ಬೆಣೆಯ ಹಾಗೆ ಅಗಲಿಸಿ ಸೀಳುತ್ತದೆ. ಅದನ್ನೂ ತುದಿಯ ಮೇಲೆ ನಿಲ್ಲಿಸಬೇಕು. ಅಂಗಾತ ಬಿಟ್ಟರೆ ದೋಣಿಯಂತೆ ನೀರು ನಿಲ್ಲುತ್ತದೆ. ಮಲೇರಿಯಾ, ಡೆಂಗಿ ಬಿಡದ ಈ ಕರಾವಳಿಯಲ್ಲಿ ಅಷ್ಟು ನೀರು ಸೊಳ್ಳೆಗೆ ಧಾರಾಳ. ಗಾಜಿನ ಹಂಚು ಹೊರಗೆ ಬೇಡವೇ ಬೇಡ, ಒಳಗೆ ಬೈಹುಲ್ಲಿನ ನಡುವೆ ನಿಲ್ಲಿಸಿ.

ಮೇಲೆ ಏನು ಹಾಕುವುದು? ಎರಡನೆಯ ದರ್ಜೆಯ ಹಂಚನ್ನೇ ರೀಪಿನ ಚೌಕಟ್ಟಿನ ಮೇಲೆ ಚಿಕ್ಕ ಮಾಡಿನಂತೆ ಹೊದೆಸಿದರೆ ಅತ್ಯುತ್ತಮ. ಅಷ್ಟು ವ್ಯವಧಾನ ಇಲ್ಲದಿದ್ದರೆ ಹಳೆ ತಗಡು ಶೀಟು, ಅಟ್ಟಿಯಿಂದ ಅರ್ಧ ಅಡಿ ಎತ್ತರಿಸಿ, ವಾಟ ಕೊಟ್ಟು, ಕಲ್ಲು ಕಟ್ಟಿ. ಬದಿಗಳನ್ನು ಮುಚ್ಚಬೇಡಿ. ತೆಂಗಿನ ಮಡಲು, ಅಡಿಕೆ ಸೋಗೆ ಬಿಸಿಲಿಗೆ ಸರಿ, ಮಳೆಗೆ ಕೊಳೆತು ಸಂದಿಗೆ ಬೀಳುತ್ತದೆ. ಟರ್ಪಾಲನ್ನು ಸುತ್ತ ಬಿಗಿದರೆ ಒಳಗೆ ಬೆವರುತ್ತದೆ, ಮಡಿಕೆಗಳಲ್ಲಿ ನೀರು, ಆ ನೀರಲ್ಲಿ ಮತ್ತೆ ಸೊಳ್ಳೆ.

ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳಲ್ಲಿ, ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಒಂದು ಸುತ್ತು ನೋಡಿ ಬರಬೇಕು. ಬಳ್ಳಿ ಹತ್ತಿದ್ದರೆ ಕಿತ್ತೆಳೆಯದೆ ಬುಡದಲ್ಲಿ ಕತ್ತರಿಸಿ. ಎಳೆದರೆ ಹಂಚೂ ಜೊತೆಗೆ ಬರುತ್ತದೆ. ಆನಿಕೆ ವಾಲಿದೆಯೇ, ಜಲ್ಲಿ ಕೊಚ್ಚಿಹೋಗಿದೆಯೇ, ರೀಪಿಗೆ ಗೆದ್ದಲಿನ ಮಣ್ಣು ಏರಿದೆಯೇ, ಅಷ್ಟು ಸಾಕು. ಸಂದಿಗೆ ಕೈ ಹಾಕಬಾರದು. ನಿಲ್ಲಿಸಿದ ಹಂಚಿನ ಸಾಲು ಹಾವು, ಚೇಳು, ಕಣಜಕ್ಕೆ ಹೇಳಿ ಮಾಡಿಸಿದ ಮನೆ. ತೆಗೆಯುವಾಗ ಹಗಲಲ್ಲೇ, ಕೋಲಿನಿಂದ ಸಾಲಿನುದ್ದಕ್ಕೂ ತಟ್ಟಿ, ಸ್ವಲ್ಪ ಹೊತ್ತು ಬಿಟ್ಟು, ದಪ್ಪ ಗ್ಲೌಸು ಹಾಕಿ ಮೇಲಿನ ಅಂತಸ್ತಿನ ಪೂರ್ವದ ತುದಿಯಿಂದ ಶುರು ಮಾಡಬೇಕು. ನಾಗರ ಕಂಡರೆ ಇಲ್ಲಿ ಯಾರೂ ಹೊಡೆಯುವವರಿಲ್ಲ, ಕೆಲಸವೇ ಎರಡು ದಿನ ನಿಲ್ಲುತ್ತದೆ. ಆ ಎರಡು ದಿನವನ್ನೂ ಲೆಕ್ಕದಲ್ಲಿ ಇಟ್ಟುಕೊಂಡೇ ಬಡಗಿಗೆ ದಿನ ಹೇಳಿ.

ತೆಗೆಯುವುದು ಡಿಸೆಂಬರ್ ನಂತರ, ಹಂಚು ಪೂರ್ತಿ ಒಣಗಿದ ಮೇಲೆ. ತಟ್ಟಿ ನೋಡುವ ಪರೀಕ್ಷೆ ಇನ್ನೊಮ್ಮೆ ಆಗಲಿ, ಇಳಿಸುವಾಗ ಸಿಗದ ಸೀಳು ಒಂದು ಮಳೆಗಾಲ ಕಳೆದ ಮೇಲೆ ಬಾಯಿ ಬಿಡುತ್ತದೆ. ಸಾಗಿಸುವುದಿದ್ದರೆ ಮುಕ್ಕಾಲು ಟನ್ ಹೊರುವ ಚಿಕ್ಕ ಟೆಂಪೋಗೆ 300 ಹಂಚಿಗಿಂತ ಹೆಚ್ಚು ಬೇಡ. ಅಡಿಗೆ ಬೈಹುಲ್ಲು ಹಾಸಿ, ಕ್ಯಾಬಿನ್ ಕಡೆಯಿಂದ ಒತ್ತಾಗಿ ನಿಲ್ಲಿಸುತ್ತ ಬನ್ನಿ. ಬ್ರೇಕು ಹಾಕಿದಾಗ ಸಾಲು ಕ್ಯಾಬಿನ್‌ಗೆ ಒತ್ತಿಕೊಳ್ಳುತ್ತದೆ, ಚದುರುವುದಿಲ್ಲ. ಹೊಸ ಮಾಡಿಗೆ ಲೆಕ್ಕ ಹಾಕುವಾಗ ನೂರಕ್ಕೆ ಹತ್ತು ಹೆಚ್ಚು ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಮಿಕ್ಕ ಐವತ್ತು ನೂರನ್ನು ಅದೇ ಕಲ್ಲುಕಂಬದ ಮೇಲೆ, ಅದೇ ಆನಿಕೆಗೆ ಒರಗಿಸಿ ನಿಲ್ಲಿಸಿ. ಮುಂದೆ ಮಾಡಿಗೆ ತೆಂಗಿನಕಾಯಿ ಬಿದ್ದ ದಿನ ಅದೇ ಅಚ್ಚಿನ ಹಂಚು ಹುಡುಕಿಕೊಂಡು ಗುಜರಿ ಅಂಗಡಿಗಳಿಗೆ ಅಲೆಯುವ ಕೆಲಸ ಇರುವುದಿಲ್ಲ.